ಅಮವಾಸ್ಯೆಗೊಮ್ಮೆ ಬರುತ್ತಿದ್ದ ಅರವತ್ತು

ಲಿಂಗಸುಗೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ದಿನಾ ಮಸ್ಕಿಯಿಂದ ಬಸ್ಸಿಗೆ ಬರುತ್ತೇನೆ. ನಾವು ಕಳಿಸಿದ ಚಿತ್ರ ನೋಡಿ ದೂರದ ಊರಿನ ಡಾಕ್ಟರು ಬರೆದ ರಿಪೋರ್ಟನ್ನು ಒಂದು ಸಾಫ್ಟ್‌ವೇರ್ ಭದ್ರವಾಗಿ ಇಳಿಸಿಕೊಡುತ್ತದೆ. ಆಗದಿದ್ದರೆ ಒಂದು ನಂಬರ್ ತೋರಿಸಿ ಸುಮ್ಮನಾಗುತ್ತದೆ. ಆರು ಬಂದರೆ ಅಡ್ರೆಸ್ ಸಿಗಲಿಲ್ಲ, ಇಪ್ಪತ್ತೆಂಟು ಬಂದರೆ ಕಾದು ಕಾದು ಸಾಕಾಯಿತು ಎಂದರ್ಥ. ಅವು ನನಗೆ ಬಾಯಿಪಾಠ. ಅರವತ್ತು ಮಾತ್ರ ತಿಳಿದಿರಲಿಲ್ಲ. ಅದು ಬರುತ್ತಿದ್ದುದು ಅಮವಾಸ್ಯೆಗೊಮ್ಮೆ.

ನಮ್ಮ ಮಾಲಕರು ಅಮವಾಸ್ಯೆಗೆ ಎಲ್ಲ ಮಷಿನ್‌ಗಳ ಪ್ಲಗ್ ಕಿತ್ತು, ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆಯುವವರು. ಆ ದಿನ ಊರು ದಾಟುವವರಲ್ಲ. ಅರವತ್ತು ಬಂದಾಗ "ಅಮಾಸಿ ಐತಿ, ಹಂಗ ಆಕೈತಿ ಬಿಡವ್ವಾ," ಎನ್ನುತ್ತಿದ್ದರು. ಮರುದಿನ ಸಿಂಧನೂರಿನಿಂದ ರಿಪೇರಿಯವನು ಬಂದು ಏನೋ ಒತ್ತಿ ಸರಿಮಾಡಿ ಹೋಗುತ್ತಿದ್ದ. ನಾನೂ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದೆ.

ಕಳೆದ ಅಮವಾಸ್ಯೆಯ ಬೆಳಿಗ್ಗೆ, ಪೂಜೆ ಮುಗಿದ ಹೊತ್ತಿಗೆ, ಪಾಮನಕಲ್ಲೂರಿನ ತಾಯಿಯೊಬ್ಬರು ಬೈಕಿನಿಂದ ಬಿದ್ದ ಮಗನನ್ನು ಕರೆತಂದರು. ಅವನು ಮಾತಾಡುತ್ತಿದ್ದ, ಆದರೆ ವಾಂತಿ ನಿಂತಿರಲಿಲ್ಲ. ತಲೆಯ ಸ್ಕ್ಯಾನನ್ನು ಮಷಿನ್‌ನಿಂದಲೇ ಕಳಿಸಿದೆವು. ರಿಪೋರ್ಟ್ ಸಿದ್ಧವೆಂದು ಫೋನಿಗೆ ಮೆಸೇಜ್ ಬಂತು. ಇಳಿಸಲು ಹೋದರೆ ಅರವತ್ತು. ಡಾಕ್ಟರ ಫೋನು ಹತ್ತಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ನಂಬರಿನ ಕೆಳಗಿನ ಸಾಲನ್ನು ಅವತ್ತೇ ಮೊದಲ ಸಲ ಪೂರ್ತಿ ಓದಿದೆ: ಆ ಕಡೆಯ ಕಂಪ್ಯೂಟರಿನ ಗುರುತಿನ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ. ಬಸ್ ಪಾಸಿನ ಮೇಲೆ ನಾಳೆಯ ತಾರೀಖಿದ್ದರೆ ಕಂಡಕ್ಟರ್ ಒಪ್ಪುತ್ತಾನೆಯೇ? ಹಾಗಾದರೆ ಈ ಕಂಪ್ಯೂಟರ್ ಇವತ್ತು ಯಾವ ತಾರೀಖು ಅಂದುಕೊಂಡಿದೆ? ಪರದೆಯ ಮೂಲೆ ನೋಡಿದೆ. ಎಷ್ಟೋ ವರ್ಷ ಹಿಂದಿತ್ತು. ಒಳಗಿನ ಬ್ಯಾಟರಿ ಸತ್ತು, ಪ್ಲಗ್ ಕಿತ್ತಾಗಲೆಲ್ಲ ಅದು ತಾರೀಖು ಮರೆಯುತ್ತಿತ್ತು.

"ಅಮಾಸಿದೇನಿಲ್ರೀ, ನೀವು ಪ್ಲಗ್ ಕಿತ್ತಿದ್ದಕ್ಕ ಹಿಂಗ ಆಗೈತಿ," ಎಂದೆ.

ತಾರೀಖು ಸರಿಮಾಡಿದೆ, ರಿಪೋರ್ಟ್ ಇಳಿಯಿತು. ತಲೆಯೊಳಗೆ ರಕ್ತ ಸೋರುತ್ತಿದೆ, ತಕ್ಷಣ ಆಪರೇಷನ್ ಬೇಕು ಎಂದಿತ್ತು. ತಾಯಿಗೆ ಓದಿ ಹೇಳಿದೆ. ಅವರು ಮಗನ ಕೈ ಹಿಡಿದುಕೊಂಡು, "ಇವತ್ತ ಅಮಾಸಿ ಐತ್ರೀ. ಇಂಥಾ ದಿನ ತಲಿಗೆ ಕತ್ತಿ ಹಚ್ಚಬಾರ್ದು. ನಾಳೆ ಹೋಗ್ತೀವಿ," ಎಂದರು. ನಾನೆಷ್ಟು ಹೇಳಿದರೂ ಕೇಳಲಿಲ್ಲ.

ಮಾಲಕರು ಎದ್ದರು. "ಯವ್ವಾ, ಇಷ್ಟ ದಿನ ನಾನೂ ಅಮಾಸಿ ಮ್ಯಾಲೇ ಹಾಕ್ಕೋತ ಬಂದೀನಿ. ತಪ್ಪು ಬ್ಯಾರೆ ಕಡಿ ಇತ್ತು. ಏಳ್ರಿ, ರಾಯಚೂರಿಗೆ ನಾನ ಕರಕೊಂಡು ಹೋಗ್ತೀನಿ," ಎಂದು ಕಾರಿನ ಕೀ ತೆಗೆದುಕೊಂಡರು. ಅಮವಾಸ್ಯೆಗೆ ಊರು ದಾಟಿದವರೇ ಅಲ್ಲ. ಆದರೂ ಹುಡುಗನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಾಯಿಯನ್ನೂ ಹತ್ತಿಸಿಕೊಂಡು ಹೊರಟೇಬಿಟ್ಟರು.

ಏನಾದರೂ ಹೆಚ್ಚುಕಡಿಮೆಯಾದರೆ ಆ ತಾಯಿ ಬದುಕಿರುವ ತನಕ ನಮ್ಮಿಬ್ಬರನ್ನೂ ಶಪಿಸುತ್ತಾರೆ ಎಂದು ನಾನು ಹೆದರಿ ಕೂತಿದ್ದೆ. ಸಂಜೆ ಮಾಲಕರ ಫೋನಿನಿಂದ ಆ ತಾಯಿಯೇ ಮಾತಾಡಿದರು.

"ಕಣ್ಣು ಬಿಟ್ಟಾನವ್ವಾ. ನಾಳೆ ಅಂದಿದ್ರ ಉಳೀತಿದ್ದಿಲ್ಲ ಅಂದ್ರು ಡಾಕ್ಟ್ರು."

ನಾನು ಗೊಳೋ ಎಂದು ಅತ್ತುಬಿಟ್ಟೆ.