ಹಗೇವಿಗೆ ಇಳಿಸಿದ ದೀಪ

ಚಲುವಮ್ಮನನ್ನು ನಾನು ಮೊದಲು ಕಂಡದ್ದು ಎಂಟು ವರ್ಷದ ಹಿಂದೆ, ಕಾರ್ತಿಕದ ಒಂದು ಸೋಮವಾರ. ಸೋಮವಾರ ಮ್ಯೂಸಿಯಂಗೆ ರಜ. ಸಗಣಿಯಲ್ಲಿ ನೆಲ ಸಾರಿಸುವುದು ಆವತ್ತೇ. ಯಾರೂ ತುಳಿಯದೆ ಒಣಗಬೇಕಲ್ಲ. ಬಾಗಿಲು ಅರ್ಧ ತೆಗೆದುಕೊಂಡು ಪಡಸಾಲೆ ಸಾರಿಸುತ್ತಿದ್ದೆ. ಬೆಳಕಿಗೆ ಏನೋ ಅಡ್ಡ ಬಂತು ಅಂತ ತಲೆ ಎತ್ತಿದರೆ ಜಗಲಿಯ ಕೆಳಗೆ ಒಬ್ಬ ಮುದುಕಿ ನಿಂತಿದ್ದಳು. ಚಪ್ಪಲಿ ಕೈಯಲ್ಲಿತ್ತು. ಎರಡು ಕಣ್ಣಿಗೂ ಪೊರೆ. ಪಕ್ಕದಲ್ಲಿ ಮೊಮ್ಮಗಳು ಕವನ, ಕಾಲೇಜಿಗೆ ಹೋಗುವ ಹುಡುಗಿ.

ಈಗ ಮ್ಯೂಸಿಯಂ ಆಗಿರುವ ಈ ಮನೆ ನಂಜಪ್ಪನವರದು. ಹುಲ್ಲಹಳ್ಳಿ ಬಸ್ಸಿನಲ್ಲಿ ಬಂದು ನಮ್ಮೂರ ಗೇಟಿನಲ್ಲಿ ಇಳಿದರೆ ಎದುರಿಗೇ ಕಾಣುತ್ತದೆ. ನಲವತ್ತೇಳರಲ್ಲಿ ಅರಮನೆ ಸರ್ಕಾರದ ವಿರುದ್ಧ ಕರಪತ್ರ ಅಚ್ಚು ಹಾಕಿಸಿ ಊರೂರಿಗೆ ಹಂಚಿ ಜೈಲು ಕಂಡವರು. ಮಕ್ಕಳಿರಲಿಲ್ಲ, ಮನೆ ಟ್ರಸ್ಟಿಗೆ ಹೋಯಿತು. ಅವರ ಕನ್ನಡಕ, ಚರಕ, ಕೈಯಲ್ಲಿ ಒತ್ತುವ ಅಚ್ಚಿನ ಮಿಷನ್ನು ಗಾಜಿನ ಪೆಟ್ಟಿಗೆಯಲ್ಲಿವೆ. ನಾನು ಅವರ ನೆಂಟರ ಕಡೆಯವಳು. ನನ್ನ ಯಜಮಾನರು ತೀರಿಕೊಂಡ ಮೇಲೆ ಮನೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ.

ಇವತ್ತು ರಜ, ನಾಳೆ ಬನ್ನಿ ಅಂದೆ. ಕವನ ವಿಷಯ ಹೇಳಿದಳು. ಅವರದು ತಿ. ನರಸೀಪುರದ ಕಡೆ. ಹಿಂದಿನ ತಿಂಗಳು ಕಾಲೇಜಿನವರ ಜೊತೆ ಬಂದು ಇಲ್ಲಿನ ಹಗೇವಿನ ಪಕ್ಕದ ಬೋರ್ಡು ಓದಿದ್ದಳು. ನಂಜಪ್ಪನವರು ಈ ಹಗೇವಿನಲ್ಲಿ ಹನ್ನೊಂದು ದಿನ ಅಡಗಿದ್ದರು ಅಂತ ಅದರಲ್ಲಿತ್ತು. ಮನೆಗೆ ಹೋಗಿ ಅಜ್ಜಿಗೆ ಹೇಳಿದ್ದಾಳೆ. ಅಜ್ಜಿ ಆವತ್ತು ರಾತ್ರಿ ಉಣ್ಣಲಿಲ್ಲವಂತೆ.

"ಅದ್ರೊಳಕ್ಕೆ ಇಳಿದೋನು ನಮ್ಮಪ್ಪ ಕಣ್ರವ್ವ," ಅಂದಳು ಚಲುವಮ್ಮ. "ಮ್ಯಾಕೆ ಬರ್ಲಿಲ್ಲ."

ಹಗೇವು ಅಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಆಳು ಇಳಿಯುವಷ್ಟು, ಆಳ ಎರಡಾಳು, ಹೊಟ್ಟೆ ಗುಡಾಣದ ಹಾಗೆ. ರಾಗಿ ತುಂಬಿ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಆದರೆ ತೆಗೆದ ಕೂಡಲೇ ಯಾರೂ ಇಳಿಯಬಾರದು. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡಬೇಕು. ದೀಪ ಆರಿದರೆ ಮನುಷ್ಯನೂ ಆರಿದ ಹಾಗೆ. ನನ್ನ ತವರಿನಲ್ಲೂ ಹಗೇವಿತ್ತು, ನನಗೆ ಗೊತ್ತು. ಬೋರ್ಡು ಬರೆದವರಿಗೆ ಗೊತ್ತಿರಲಿಲ್ಲ. ಮುಚ್ಚಿದ ಹಗೇವಿನಲ್ಲಿ ಹನ್ನೊಂದು ದಿನ ಯಾರೂ ಇರಲಾಗುವುದಿಲ್ಲ. ಅದರ ಸುತ್ತ ದಿನಾ ಗುಡಿಸುತ್ತಿದ್ದ ನಾನೂ ಇದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ.

ಅವಳ ಅಪ್ಪ ದೊಡ್ಡಮಾದಯ್ಯ ಈ ಮನೆಯ ಜೀತದಾಳು. ಪೊಲೀಸರು ಊರ ಬಾಗಿಲಿಗೆ ಬಂದರು ಅನ್ನುವ ಸುದ್ದಿಗೆ ಕರಪತ್ರದ ಗಂಟು ಬಚ್ಚಿಡಲು ಮನೆಯವರು ಹಗೇವು ತೆಗೆಸಿದರು. ದೀಪ ಇಳಿಸುವಷ್ಟು ಹೊತ್ತಿರಲಿಲ್ಲ. ಗಂಟು ತಬ್ಬಿಕೊಂಡು ಇಳಿದವನು ಅಲ್ಲೇ ಕುಸಿದ. ಪೊಲೀಸರು ಜಾಲಾಡಿ ಹೋದ ಮೇಲೆ ಮನೆಯವರು ಹಗ್ಗ ಹಾಕಿ ಹೆಣ ಎತ್ತಿದರು. ನಿಜ ಹೇಳಿದರೆ ಪೊಲೀಸರು ವಾಪಸ್ಸು ಬಂದು ಹಗೇವು ತೆಗೆಸುತ್ತಾರೆ, ಹಾವು ಕಚ್ಚಿತು ಅನ್ನು ಅಂತ ಅವನ ಹೆಂಡತಿಗೆ ಹೇಳಿಕೊಟ್ಟರು. ಅವಳು ಹಾಗೇ ಅಂದಳು. ಆರು ವರ್ಷದ ಚಲುವಮ್ಮನನ್ನು ಕರೆದುಕೊಂಡು ತವರಿಗೆ ಹೋದಳು. ನಿಜವನ್ನು ಮಗಳಿಗೆ ಮಾತ್ರ ಹೇಳಿದ್ದಳು. ಆಮೇಲೆ ಜನರ ಸರ್ಕಾರ ಬಂದು ಎಲ್ಲ ಸರಿಯಾದರೂ ಆ ಹಾವಿನ ಮಾತನ್ನು ಯಾರೂ ತಿದ್ದಲಿಲ್ಲ.

ಬೋರ್ಡಿನಲ್ಲಿ ಅಪ್ಪನ ಹೆಸರು ಹಾಕಿಸಬೇಕಾ ಅಂತ ಕೇಳಿದೆ.

"ಎಸ್ರು ನಿಮ್ಮಿಷ್ಟ ಕನವ್ವ. ಉಸ್ರು ಬಿಟ್ಟ ಜಾಗದಲ್ಲಿ ಒಂದು ದೀಪ ಮಡಗ್ಬೇಕು. ಎಪ್ಪತ್ತು ವರ್ಷ ಆಯ್ತು, ಯಾರೂ ಮಡಗಿಲ್ಲ."

ಹಗೇವಿನ ಬಾಯಿಗೆ ಗಾಜು ಕೂರಿಸಿ ಸ್ಕ್ರೂ ಹಾಕಿದ್ದರು. ಮ್ಯಾನೇಜರ್ ಮಧುಕುಮಾರ್ ಬರುವುದು ಮಂಗಳವಾರ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿರಿ ಅಂದೆ. ಒಳಗೆ ಬರಲು ಅವಳು ಒಪ್ಪಲಿಲ್ಲ. ಅವಳ ಅವ್ವ ಈ ಬೀದಿಯ ಮನೆಗಳನ್ನು ಸಾರಿಸುತ್ತಿದ್ದದ್ದು ಜಗಲಿವರೆಗೆ ಮಾತ್ರವಂತೆ. ನಾನು ಅಡುಗೆಮನೆಯಲ್ಲೇ ಮಣೆ ಹಾಕಿದೆ. ಅವರ ಕೇರಿಯವರಿಗೆ ನಮ್ಮ ಮನೆಯಲ್ಲಿ ಹಾಗೆ ಮಣೆ ಹಾಕಿದ್ದು ಅದೇ ಮೊದಲು. ಅದನ್ನೂ ಇಲ್ಲಿ ಬರೆಯಬೇಕು. ಕೂತವಳು ನೆಲದ ಮೇಲೆ ಕೈಯಾಡಿಸಿ, "ಇದೇನ್ ತಂಗಿ, ಎಡಗೈಲಿ ಸಾರ್ಸಿದ್ದೀಯಾ? ನಮ್ಮವ್ವ ಕಂಡಿದ್ರೆ ಬೈತಿದ್ಲು," ಅಂದಳು. ಕವನ ನಕ್ಕಳು. ಅವಳ ಬಾಯಲ್ಲಿ ನಾನು ಅವ್ವ ಹೋಗಿ ತಂಗಿ ಆದದ್ದು ಆಗಲೇ.

ಮಾರನೇ ದಿನ ಮಧುಕುಮಾರ್ ಒಪ್ಪಲಿಲ್ಲ. ದಾಖಲೆ ಏನಿದೆ ಅಮ್ಮ ಅಂದರು. ದೀಪ ಇಳಿಸಿ ನೋಡಿ ಸಾ, ಹನ್ನೊಂದು ನಿಮಿಷ ಉರಿದರೆ ನಾವು ಸುಮ್ಮನೆ ಹೋಗುತ್ತೇವೆ ಅಂದೆ. ಸ್ಕ್ರೂ ಬಿಚ್ಚಿಸಿದರು. ಮನೆ ಹಿಂದಿನ ನಾಲೆಯ ತೇವಕ್ಕೆ ತಳದ ಹಳೇ ಹೊಟ್ಟು ಕೊಳೆತ ವಾಸನೆ ಮೇಲಕ್ಕೆ ಹೊಡೆಯಿತು. ಹಿತ್ತಾಳೆ ದೀಪಕ್ಕೆ ಹಗ್ಗ ಕಟ್ಟಿ ಇಳಿಸಿದೆ. ಒಂದಾಳು ಆಳ ಹೋಗಿತ್ತೋ ಇಲ್ಲವೋ, ಕುಡಿ ಸಣ್ಣದಾಗಿ, ನೀಲಿಯಾಗಿ, ಆರಿತು. ಮತ್ತೆ ಹಚ್ಚಿ ಇಳಿಸಿದೆ. ಅದೇ ಜಾಗದಲ್ಲಿ ಆರಿತು. ಮೂರನೇ ಸಲ ಮಧುಕುಮಾರ್ ತಾವೇ ಹಗ್ಗ ಹಿಡಿದರು. ಆರಿದ ಮೇಲೆ ಹಗ್ಗ ಹಿಡಿದೇ ನಿಂತರು, ಮೇಲೆಳೆಯಲಿಲ್ಲ.

ಚಲುವಮ್ಮನಿಗೆ ಕಾಣುತ್ತಿರಲಿಲ್ಲ. ನಾವು ಮಾತಾಡದ್ದರಿಂದಲೇ ತಿಳಿದುಕೊಂಡಳು. ಸೆರಗು ಬಾಯಿಗೆ ಒತ್ತಿಕೊಂಡು ಕೂತಳು.

ಮಧ್ಯಾಹ್ನವೆಲ್ಲ ಹೊಂಗೆ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಎತ್ತಿ ಗಾಳಿ ಆಡಿಸಿದೆವು. ಮಧುಕುಮಾರ್ ಕೂಡ ತೋಳು ಮಡಿಸಿ ಎಳೆದರು. ಬಾಯಿ ತೆರೆದೇ ಬಿಟ್ಟೆವು. ಬುಧವಾರ ಬೆಳಿಗ್ಗೆ ಮತ್ತೊಮ್ಮೆ ಕೊಂಬೆ ಆಡಿಸಿ ದೀಪ ಇಳಿಸಿದಾಗ ಅದು ತಳ ಮುಟ್ಟಿತು, ಉರಿಯಿತು. ಹಗ್ಗದ ತುದಿಯನ್ನು ಚಲುವಮ್ಮನ ಕೈಗೆ ಕೊಟ್ಟೆ. ಎಣ್ಣೆ ಮುಗಿಯುವವರೆಗೂ ಹಿಡಿದಿದ್ದಳು.

ದಾಖಲೆ ಇಲ್ಲದೆ ಹೊಸ ಬೋರ್ಡು ಆಗುವುದಿಲ್ಲ ಅಂತ ಟ್ರಸ್ಟಿನವರು ಉತ್ತರ ಬರೆದರು. ಹಳೆಯದನ್ನು ಮಧುಕುಮಾರ್ ಆ ಬುಧವಾರವೇ ಕಿತ್ತಿದ್ದರು. ಗೋಡೆಯಲ್ಲಿ ನಾಲ್ಕು ತೂತು ಉಳಿದಿವೆ. ಮುಚ್ಚಬೇಡಿ ಅಂತ ಕೇಳಿಕೊಂಡೆ. ಬಂದವರು ಇದೇನು ತೂತು ಅನ್ನುತ್ತಾರೆ. ಆಗ ದೊಡ್ಡಮಾದಯ್ಯನ ಹೆಸರು ಹೇಳುತ್ತೇನೆ.

ಅಲ್ಲಿಂದ ಪ್ರತಿ ಸೋಮವಾರ ನೆಲ ಸಾರಿಸಿದ ಮೇಲೆ ಗಾಜು ಸರಿಸಿ, ಗಾಳಿ ಆಡಿಸಿ, ದೀಪ ಇಳಿಸುತ್ತೇನೆ. ಸಂಜೆ ಕವನಳ ಫೋನಿನಿಂದ ಚಲುವಮ್ಮ ಕರೆ ಮಾಡಿ ದೀಪದ ವಿಷಯ ಕೇಳುತ್ತಿದ್ದಳು. ಒಂದು ಸೋಮವಾರ ಜ್ವರ ಬಂದು ನಾನು ಹೋಗಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಮಾರನೇ ದಿನ ಇಳಿಸಿ ನಾನೇ ಫೋನ್ ಮಾಡಿದೆ.

ಹೋದ ವರ್ಷ ಮಾಘದಲ್ಲಿ ಅಜ್ಜಿ ಊಟ ಬಿಟ್ಟಿದ್ದಾರೆ ಅಂತ ಕವನ ತಿಳಿಸಿದಳು. ಮಂಗಳವಾರ ನಂಜನಗೂಡಿಗೆ ಬಂದು ನರಸೀಪುರದ ಬಸ್ಸು ಹತ್ತಿದೆ. ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಕೈ ಹಿಡಿದೆ. ನನ್ನ ಕೈಯ ಸಗಣಿ ವಾಸನೆಗೆ ಗುರುತು ಹಿಡಿದಳು. ಬಾಯಿ ಒಣಗಿತ್ತು, ಕವನ ಒಂದು ಚಮಚ ನೀರು ಬಿಟ್ಟಳು. ಆಮೇಲೆ ಚಲುವಮ್ಮ ಕೇಳಿದಳು:

"ನೆನ್ನೆ ತಳ ಮುಟ್ಟೋಗಂಟ ಉರೀತಾ, ತಂಗಿ?"