ಜಗಲಿಯ ಮೇಲೆ ಕೇಳಿದ ಪ್ರಶ್ನೆ

ಮೊನ್ನೆ ಮಳವಳ್ಳಿ ಪೇಟೆಯಲ್ಲಿ ರವಿಕೆ ಹೊಲಿಸಲು ಹೋಗಿದ್ದೆ. ಅಂಗಡಿಯೊಳಗೆ ಮಿಷನ್ ಎಣ್ಣೆ, ಹೊಸ ಬಟ್ಟೆಯ ಗಂಜಿ ಬೆರೆತ ವಾಸನೆ... ನಮ್ಮ ಎದುರು ಮನೆಯ ಟೈಲರಮ್ಮ ನೆನಪಾದಳು. ಅಳತೆ ಕೊಡಲು ನಿಲ್ಲಲಾಗದೆ ಹಳೆಯ ರವಿಕೆಯೊಂದನ್ನು ಕೊಟ್ಟು ಹೊರಟುಬಂದೆ.

ನಾನು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ಯಾರು ಬಸುರಿ ಎಂಬುದು ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಆ ಜಂಬವೂ ಇತ್ತು ಅನ್ನಿ. ಟೈಲರಮ್ಮನಿಗೆ ಎರಡು ಹೆಣ್ಣುಮಕ್ಕಳು, ಮೈಯಲ್ಲಿ ರಕ್ತ ಕಡಿಮೆ. ಎರಡನೇ ಹೆರಿಗೆಯಲ್ಲಿ ಬದುಕಿ ಬಂದಿದ್ದೇ ಹೆಚ್ಚು. ಒಂದು ಬೆಳಿಗ್ಗೆ ನಮ್ಮ ಮನೆಯಲ್ಲೇ ಪರೀಕ್ಷೆ ಮಾಡಿಕೊಂಡಳು. ಎರಡು ಗೆರೆ ಮೂಡಿದವು. ಕೈಗೆ ಅಭ್ಯಾಸ ನೋಡಿ, ನಾನು ಅವಳ ಮುಖವನ್ನೂ ನೋಡದೆ ಬಸುರಿಯರ ರಿಜಿಸ್ಟರಿನಲ್ಲಿ ಹೆಸರು ಬರೆದುಬಿಟ್ಟೆ. ಆಮೇಲೆ ಅವಳು ಬಾಯಿಬಿಟ್ಟಳು.

“ನಂಗ್ ಬ್ಯಾಡ ಕಣಕ್ಕ. ಅತ್ತೆಗೆ ಗೊತ್ತಾದ್ರೆ ಗಂಡು ಬೇಕು ಅಂತ ತಗ್ಸಕ್ಕೆ ಬುಡಕಿಲ್ಲ. ಯಾರ್‍ಗೂ ಯೋಳ್ಬ್ಯಾಡ.”

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಗಂಡನ ಸಹಿ ಬೇಡ, ಅವಳದೊಂದು ಸಹಿ ಸಾಕು, ವಿಷಯ ಹೊರಗೆ ಹೋಗುವಂತಿಲ್ಲ, ಕಾನೂನೇ ಹಾಗಿದೆ ಎಂದರು ಡಾಕ್ಟರಮ್ಮ. ಎಲ್ಲ ಮುಗಿದು ಬಸ್ಸಿನಲ್ಲಿ ಬರುವಾಗ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು...

ಆದರೆ ರಿಜಿಸ್ಟರಿನಲ್ಲಿ ಹೆಸರು ಹಾಗೇ ಇತ್ತು. ಸ್ಕ್ಯಾನ್ ಮಾಡಿಸಿ ಹೆಣ್ಣು ಎಂದು ತೆಗೆಸುವವರ ಕಾಟಕ್ಕೆ ನಮ್ಮ ಜಿಲ್ಲೆಯಲ್ಲಿ ನಿಗಾ ಬಿಗಿಯಾಗಿತ್ತು. ಬರೆದ ಬಸಿರು ಕಾಣದಿದ್ದರೆ ಮನೆಗೇ ಬಂದು ಕೇಳುತ್ತಿದ್ದರು. ಹಾಗೆ ಆರೋಗ್ಯ ಇಲಾಖೆಯಿಂದ ಒಬ್ಬ ಮೇಡಂ ಬಂದರು. ಮನೆ ತೋರಿಸಿದವಳು ನಾನೇ. ನಮ್ಮ ಕಡೆ ಯಾವ ವಿಚಾರಣೆಯಾದರೂ ಜಗಲಿಯಲ್ಲೇ ಮುಗಿಯಬೇಕು. ಅಲ್ಲಿ ಅವಳ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

“ಬಸುರಿ ಅಂತ ಬರೆದಿದೆಯಲ್ಲಮ್ಮ, ಏನಾಯ್ತು?”

ಒಳಗೆ ಹೋಗೋಣ ಮೇಡಂ ಎನ್ನಬಹುದಿತ್ತು. ಟೈಲರಮ್ಮ ನನ್ನನ್ನೊಮ್ಮೆ ನೋಡಿ, ಆಸ್ಪತ್ರೆಯ ಚೀಟಿ ತಂದುಕೊಟ್ಟಳು. ಹೆಣ್ಣೋ ಗಂಡೋ ತಿಳಿಯುವ ಮೊದಲೇ ತೆಗೆಸಿದ್ದು. ಎಲ್ಲ ಕಾನೂನು ಪ್ರಕಾರವೇ ಇದೆ ಎಂದು ಮೇಡಂ ಟಿಕ್ ಹಾಕಿಕೊಂಡು ಹೊರಟರು. ಐದು ನಿಮಿಷದ ಕೆಲಸ.

“ನನ್ ಮೊಮ್ಮಗನ್ನ ತೊಳ್ದಾಕ್ಬುಟ್ಯಲ್ಲೇ, ಮನೆಹಾಳಿ!” ಅತ್ತೆಯ ಕೂಗು ಬೀದಿಯ ಕೊನೆಯವರೆಗೂ ಕೇಳಿಸಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವಳು.

ಅವಳ ಹೊಲಿಗೆ ನಿಂತಿತು, ನಮ್ಮ ಮನೆಗೆ ಬರುವುದೂ ನಿಂತಿತು. ಮಾರನೇ ವರ್ಷ ಮತ್ತೆ ಬಸುರಿಯಾದದ್ದು ನನಗೆ ಹೊಟ್ಟೆ ಕಂಡ ಮೇಲೆಯೇ ತಿಳಿದದ್ದು. ಕಬ್ಬಿಣದ ಮಾತ್ರೆ ಕೊಟ್ಟು ಹೇಗಿದ್ದೀಯ ಎಂದು ಮೆಲ್ಲಗೆ ವಿಚಾರಿಸಿದೆ.

“ಜೋರಾಗ್ ಕೇಳಕ್ಕ. ಬೀದಿಯೋರ್‍ಗೆಲ್ಲ ಗೊತ್ತಾಗ್ಲಿ.”

ಅದೇ ಅವಳು ನನ್ನೊಡನೆ ಆಡಿದ ಕೊನೆಯ ಮಾತು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಮಂಡ್ಯಕ್ಕೆ ಸಾಗಿಸುವಷ್ಟರಲ್ಲಿ...

ಮಗು ಹೆಣ್ಣು. ಈಗ ಅದರ ಚುಚ್ಚುಮದ್ದಿಗೆ ಆ ಅತ್ತೆಯೇ ಎತ್ತಿಕೊಂಡು ಬರುತ್ತಾರೆ. ಕಳೆದ ವಾರ ಬಂದವರು ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ನನ್ನ ಕಿವಿಯ ಬಳಿ ಬಾಗಿದರು.

“ಅವಳ್ ಮೈನಾಗೆ ರಕ್ತ ಇಲ್ಲ ಅಂತ ನಿಂಗೆ ಗೊತ್ತಿತ್ತಲ್ಲವ್ವ. ನಂಗ್ಯಾಕ್ ಒಂದ್ಮಾತು ಯೋಳ್ನಿಲ್ಲ?”

ಯಾರಿಗೂ ಹೇಳಬೇಡ ಎಂದಿದ್ದಳು ಎನ್ನಲು ಬಾಯಿ ತೆರೆದೆ. ಆ ಮಾತು ಆಡಲು ನನಗೆ ಯಾವ ಮುಖವಿತ್ತು?