ಕೆಲಸದಲ್ಲಿದ್ದೆ, ಕೆಲಸಕ್ಕೆ ಹೋಗ್ತಿದ್ದೆ

ಕೋಲಾರದಲ್ಲಿ ನಮ್ಮ ಎದುರುಮನೆಗೆ ಬಾಡಿಗೆಗೆ ಬಂದವರು ಗೌನಿಪಲ್ಲಿ ಕಡೆಯವರು. ಗಂಡ ಮಾವಿನ ಮಂಡಿಯಲ್ಲಿ ತೂಕ ಹಾಕುತ್ತಿದ್ದರು. ಹೆಂಡತಿ ಮಾಲೂರಿನ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದರು. ಅವರನ್ನು ಕಾರ್ಖಾನೆ ನೇರವಾಗಿ ಸೇರಿಸಿಕೊಂಡಿರಲಿಲ್ಲ; ಜನರನ್ನು ಒದಗಿಸುವ ಗುತ್ತಿಗೆದಾರನೊಬ್ಬನ ಮೂಲಕ ಸೇರಿದ್ದರು. ಬಸ್ಸೂ ಅವನದೇ.

ಅವರು ಹೆರಿಗೆಗೆಂದು ರಜೆ ಹಾಕಿದಾಗ ಗುತ್ತಿಗೆದಾರ ರಜೆ ಎನ್ನಲಿಲ್ಲ, ಬಿಟ್ಟು ಹೋದಳು ಎಂದ. ಹೆರಿಗೆ ರಜೆಯ ಸಂಬಳವೂ ಇಲ್ಲ, ವಾಪಸ್ ಬಂದರೆ ಜಾಗವೂ ಇಲ್ಲ. ಅವರು ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು. ವಿಚಾರಣೆಯ ದಿನ ನನ್ನನ್ನೂ ಕರೆದರು.

“ಬನ್ನಿ ಅಣ್ಣ. ಪೇಪರ್‌ನೋರು ಜೊತೇಲಿದ್ರೆ ಕುರ್ಚಿನಾದ್ರೂ ಕೊಡ್ತಾರೆ.”

ಕುರ್ಚಿ ಕೊಟ್ಟರು. ಮಗುವನ್ನು ಎತ್ತಿಕೊಂಡಿದ್ದ ಅವರ ಅತ್ತೆ ಮಾತ್ರ ಬಾಗಿಲ ಬಳಿಯೇ ನಿಂತರು. ಗುತ್ತಿಗೆದಾರನ ಪರವಾಗಿ ಅವನ ಮ್ಯಾನೇಜರ್ ಬಂದಿದ್ದ. ಅಧಿಕಾರಿ ಧಾರವಾಡ ಕಡೆಯವರು, ವರ್ಗವಾಗಿ ಹೊಸದಾಗಿ ಬಂದಿದ್ದರು. ಸಮಾಧಾನದಿಂದಲೇ ಕೇಳಿದರು.

“ನೀವು ಇವರ ಕಡೆ ಕೆಲಸದಾಗ ಇದ್ರೇನ್ರೀ?”

“ಇಲ್ಲ ಸಾರ್.”

ಮ್ಯಾನೇಜರ್ ತಲೆಯೆತ್ತಿದ. ಅಧಿಕಾರಿ ಮತ್ತೊಮ್ಮೆ ಅದನ್ನೇ ಕೇಳಿದರು.

“ಕೆಲಸದಲ್ಲೆಲ್ಲ ಇಲ್ಲ ಸಾರ್. ಕೆಲಸಕ್ಕೆ ಹೋಗ್ತಿದ್ದೆ, ಅಷ್ಟೇ.”

“ಅವರೇ ಹೇಳ್ಬಿಟ್ರಲ್ಲ ಸಾರ್,” ಎಂದ ಮ್ಯಾನೇಜರ್. ಅವನು ಮುಳಬಾಗಿಲಿನವನು. ಆ ಮಾತಿನ ಅರ್ಥ ಅವನಿಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ನಾನೂ ಇದೇ ಜಿಲ್ಲೆಯವನು. ಅದಕ್ಕೇ ಉತ್ತರದಲ್ಲಿ ತಪ್ಪಿದೆ ಎಂದು ನನಗೆ ಹೊಳೆಯಲೇ ಇಲ್ಲ. ಅಧಿಕಾರಿ ಗುಮಾಸ್ತನಿಗೆ ಹೇಳಿ ಬರೆಸತೊಡಗಿದಾಗಲೇ ಗಾಬರಿಯಾದದ್ದು.

ಅಷ್ಟರಲ್ಲಿ ಬಾಗಿಲ ಬಳಿಯಿಂದ ಅತ್ತೆ ಒಳಗೆ ಬಂದರು.

“ಅಟ್ಲ ಕಾದು ಸಾರ್, ಅಂಗಲ್ಲ. ಏಮೇ, ಬಾಯಿ ಮುಚ್ಕೊಂಡ್ ಕೂತ್ಕೊ ನೀನು. ಸಾರ್, ಕೆಲಸದಲ್ಲಿರೋರು ಅಂದ್ರೆ ನಮ್ ಕಡೆ ನಿಮ್ಮಂಥೋರು. ಗೌರ್ಮೆಂಟೋರು, ಪರ್ಮನೆಂಟೋರು. ಇವಳು ಹಂಗಂದ್ರೆ ಊರಲ್ಲಿ ನಗ್ತಾರೆ. ಅದಕ್ಕೆ ಕೆಲಸಕ್ಕೆ ಹೋಗ್ತೀನಿ ಅಂತಾಳೆ.”

“ಅಂದ್ರ ಎರಡೂ ಬ್ಯಾರೆ ಬ್ಯಾರೆ ಏನು?”

“ಬೇರೆ ಅಲ್ವಾ ಸಾರ್? ಹೆಣ್ಣು ಕೊಡೋವಾಗ ಮೊದ್ಲು ಅದನ್ನೇ ಕೇಳ್ತೀವಿ.”

ಗುಮಾಸ್ತ ನಕ್ಕ. ಅವನೂ ಅಲ್ಲಿ ಗುತ್ತಿಗೆಯ ಮೇಲಿದ್ದವನೇ ಎಂದು ಆಮೇಲೆ ತಿಳಿಯಿತು.

ಅಧಿಕಾರಿ ಪ್ರಶ್ನೆ ಬದಲಿಸಿದರು. ಬಸ್ಸಿಗೆ ಯಾರು ಹತ್ತಿಸಿಕೊಳ್ಳುತ್ತಿದ್ದರು, ತಡವಾದರೆ ಯಾರು ಬೈಯುತ್ತಿದ್ದರು, ರಜೆ ಬೇಕಾದರೆ ಯಾರನ್ನು ಕೇಳಬೇಕಿತ್ತು? ಎಲ್ಲದಕ್ಕೂ ಸೊಸೆ ಮ್ಯಾನೇಜರನ ಕಡೆ ಕೈ ತೋರಿಸಿದರು.

“ಇವ್ರೇ ಸಾರ್. ಬೈಯೋದ್ರಲ್ಲಿ ಮಾತ್ರ ಒಂದಿನಾನೂ ರಜ ಹಾಕ್ದೋರಲ್ಲ.”

ಅಧಿಕಾರಿ ಮೊದಲಿನ ಉತ್ತರವನ್ನು ಹೊಡೆದುಹಾಕಿಸಿ, ‘ಗುತ್ತಿಗೆದಾರರ ಬಳಿ ಕೆಲಸದಲ್ಲಿದ್ದರು’ ಎಂದು ಬರೆಸಿದರು. ರಜೆಯ ಸಂಬಳವೂ ವಾಪಸ್ ಬಂದಾಗಿನ ಜಾಗವೂ ಆ ಒಂದು ಸಾಲಿನ ಮೇಲೇ ನಿಂತಿದ್ದವು. ಗುತ್ತಿಗೆದಾರನ ಕಡೆಯವರು ಮುಂದಿನ ವಿಚಾರಣೆಯಲ್ಲಿ ಎರಡಕ್ಕೂ ಒಪ್ಪಿದರು. ಕೆಲಸ ಕಾಯಂ ಆಗುವ ಮಾತು ಅಲ್ಲಿ ಬರಲಿಲ್ಲ. ಅದು ದೂರಿನಲ್ಲೂ ಇರಲಿಲ್ಲ.

ಅಂದು ಮೆಟ್ಟಿಲಿಳಿಯುವಾಗ ಆಕೆಗೆ ಇನ್ನೂ ಅಳುಕಿತ್ತು.

“ಅಣ್ಣ, ಕೆಲಸದಲ್ಲಿದ್ದೆ ಅಂತ ಬರೆಸ್ಬಿಟ್ರಲ್ಲ, ನಾಳೆ ಸುಳ್ಳು ಹೇಳಿದ್ಲು ಅಂತ ಹಿಡ್ಕೊಳಲ್ವಾ?”

ಕಾನೂನಿನಲ್ಲಿ ಅದೇ ಸರಿಯಾದ ಮಾತು ಎಂದು ಹೇಳಿದೆ. ನಂಬಿದಂತೆ ಕಾಣಲಿಲ್ಲ.

“ಊರಲ್ಲಿ ಮಾತ್ರ ಬಾಯಿ ಬಿಡ್ಬೇಡ ಕಣೇ,” ಎಂದರು ಅತ್ತೆ. “ಪರ್ಮನೆಂಟ್ ಆಯ್ತಂತೆ, ಊಟ ಹಾಕ್ಸು ಅಂತ ಬಂದ್ಬಿಡ್ತಾರೆ.”

ರಜೆ ಮುಗಿದ ಮೇಲೆ ಆಕೆ ಅದೇ ಬಸ್ಸು ಹತ್ತಿದರು. ಮೊದಲ ದಿನ ಬೆಳಿಗ್ಗೆ ಗೇಟಿನ ಬಳಿ ನಿಂತಿದ್ದ ನನ್ನ ಹೆಂಡತಿ, “ಏನು, ಹೊರಟ್ಯಾ?” ಎಂದಳು.

“ಹೂಂ ಅಕ್ಕ,” ಎಂದರು ಆಕೆ. “ಕೆಲಸಕ್ಕೆ.”